ಶೈಲಜಾ ನೋಡಿದ ಕಡೆ

“ಅಕ್ಕ, ಒಂದೇ ಒಂದ್ ಸಲ ನನ್ ಕಡೆ ಎಸೀರಿ. ಓಡೋದು ನೋಡಾಯ್ತಂತೆ, ಚೆಂಡು ಇಡಿಯೋದು ನೋಡ್ಬೇಕಂತೆ ಆ ಕೋಚ್ ಸಾರು,” ಎಂದಳು ಧನಲಕ್ಷ್ಮಿ, ಸೊಂಟದ ಪಟ್ಟಿ ಬಿಗಿಮಾಡಿಕೊಳ್ಳುತ್ತ.

“ಎಸೀತೀನಿ ಕಣೇ. ನೀನು ಮೂಲೆಗೆ ಓಡು,” ಎಂದಳು ಶೈಲಜಾ.

ವೈಟ್‌ಫೀಲ್ಡ್‌ನ ಟೆಕ್ ಪಾರ್ಕಿನ ಹಿಂದಿನ ಮೈದಾನದಲ್ಲಿ ಭಾನುವಾರದ ಫ್ಲ್ಯಾಗ್ ಫುಟ್‌ಬಾಲ್ ಪಂದ್ಯ ಮುಗಿಯಲು ಒಂದೇ ಎಸೆತ ಬಾಕಿಯಿತ್ತು. ಅಮೆರಿಕದವರ ಫುಟ್‌ಬಾಲೇ, ಆದರೆ ಇಲ್ಲಿ ಎದುರಾಳಿಯನ್ನು ಕೆಡವಬೇಕಿಲ್ಲ, ಸೊಂಟದ ರಿಬ್ಬನ್ ಕಿತ್ತರೆ ಸಾಕು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಶೈಲಜಾ, ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ತಂಡದವರೆಲ್ಲ ಅದೇ ಕಂಪನಿಯವರು, ಧನಲಕ್ಷ್ಮಿ ಒಬ್ಬಳನ್ನು ಬಿಟ್ಟು. ಅವಳು ಆ ಕಟ್ಟಡದ ಹೌಸ್‌ಕೀಪಿಂಗ್ ಹುಡುಗಿ. ಅವಳ ಕಾಲಿನ ವೇಗ ಬೇಕಿತ್ತು, ಕರೆದುಕೊಂಡರು. “ಮೇಡಂ ಗೀಡಂ ಬೇಡ, ಅಕ್ಕ ಅನ್ನು,” ಎಂದು ಶೈಲಜಾಳೇ ಹೇಳಿದ್ದಳು. ಎಂಥ ದೊಡ್ಡ ಮನಸ್ಸು ನೋಡಿ.

ಗೆರೆಯಾಚೆ ಕುರ್ಚಿ ಹಾಕಿಕೊಂಡು ಕೂತಿದ್ದ ಕೋಚ್ ಕರಿಬಸಪ್ಪ ರಾಜ್ಯ ತಂಡದ ಕ್ಯಾಂಪಿಗೆ ಹುಡುಗಿಯರನ್ನು ಆರಿಸಲು ಬಂದಿದ್ದರು. ಕ್ಯಾಂಪ್ ಸಿಕ್ಕರೆ ಮುಂದೆ ಒಂದು ಒಳ್ಳೆಯ ಕೆಲಸಕ್ಕೂ ದಾರಿಯಾದೀತೆಂದು ಧನಲಕ್ಷ್ಮಿ ನಂಬಿದ್ದಳು. ಸಿಗದಿದ್ದರೆ ನಾಳೆ ಬೆಳಿಗ್ಗೆ ಆರಕ್ಕೆ ಐದನೇ ಮಹಡಿಯ ಟಾಯ್ಲೆಟ್ಟು ಇದ್ದೇ ಇದೆ.

ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಕೈಗೆ ಬಂದ ಮೇಲೆ ಸಿಗುವುದು ಏಳೇ ಸೆಕೆಂಡು. ಮೊದಲು ಒಬ್ಬಳನ್ನು ನೋಡಬೇಕು. ಅವಳ ಪಕ್ಕ ಎದುರಾಳಿಯಿದ್ದರೆ ಎರಡನೆಯವಳನ್ನು, ಅಲ್ಲೂ ಆಗದಿದ್ದರೆ ಮೂರನೆಯವಳನ್ನು. ಯಾರು ಖಾಲಿ ಇದ್ದಾಳೋ ಅವಳಿಗೆ ಚೆಂಡು. ಜಾಣೆಯಾದವಳು ಕಣ್ಣಲ್ಲೇ ಸುಳ್ಳು ಹೇಳುತ್ತಾಳೆ. ಒಬ್ಬಳನ್ನು ದಿಟ್ಟಿಸಿ, ಎದುರಾಳಿಗಳನ್ನೆಲ್ಲ ಆ ಕಡೆ ಓಡಿಸಿ, ಚೆಂಡನ್ನು ಇನ್ನೊಬ್ಬಳಿಗೆ ಎಸೆಯುತ್ತಾಳೆ. ಇಡೀ ಸೀಸನ್ ಶೈಲಜಾ ದಿಟ್ಟಿಸಿದ್ದು ಧನಲಕ್ಷ್ಮಿಯನ್ನೇ, ಎಸೆದದ್ದು ಸಹೋದ್ಯೋಗಿ ಯಮುನಾಳಿಗೆ. ಪಾಪ, ಅಕ್ಕನಿಗೆ ತನ್ನ ಮೇಲೆ ಎಷ್ಟು ನಂಬಿಕೆ ಎಂದುಕೊಂಡು ಹುಡುಗಿ ಓಡಿದ್ದೇ ಓಡಿದ್ದು.

ಕಳೆದ ಮಂಗಳವಾರ ಕ್ಯಾಂಟೀನಿನಲ್ಲಿ ಮೇಜು ಒರೆಸುತ್ತಿದ್ದ ಧನಲಕ್ಷ್ಮಿ, ಮೇಲಧಿಕಾರಿ ವಿಶ್ವನಾಥ್ ಜೊತೆ ಕಾಫಿ ಕುಡಿಯುತ್ತಿದ್ದ ಶೈಲಜಾಳ ಬಳಿಗೆ ಬಂದಳು.

“ಅಕ್ಕ, ಮೊನ್ನೆ ಮೂರ್ ಸಲ ನಾನು ಖಾಲಿ ಇದ್ದೆ. ನೀವು ಯಮುನಕ್ಕಂಗೇ ಎಸುದ್ರಿ. ಅದ್ಕೇ ಸೋತಿದ್ದು.”

ವಿಶ್ವನಾಥ್ ನಕ್ಕುಬಿಟ್ಟರು. “ಏನ್ರೀ ಶೈಲಜಾ, ನಿಮ್ ತಂಗಿ ರಿವ್ಯೂ ಚೆನ್ನಾಗಿ ಮಾಡ್ತಾಳಲ್ಲ.”

ಶೈಲಜಾಳೂ ನಕ್ಕಳು. ಅಂದು ಅವಳಿಗೆ ಊಟ ಸೇರಲಿಲ್ಲ. ಒರೆಸುವ ಬಟ್ಟೆ ಹಿಡಿದವಳು ಆಫೀಸಿನಲ್ಲಿ, ಅದೂ ವಿಶ್ವನಾಥರ ಎದುರು, ಅಕ್ಕ ಎಂದು ಕರೆದು ತನ್ನ ತಪ್ಪು ಎತ್ತಿ ತೋರಿಸಿದಳಲ್ಲ ಎಂದು ಮೈಯೆಲ್ಲ ಉರಿಯಿತು.

ಈಗ ಚೆಂಡು ಶೈಲಜಾಳ ಕೈಗೆ ಬಂತು. ತಂಡ ಆಗಲೇ ಹನ್ನೆರಡು ಪಾಯಿಂಟ್ ಮುಂದಿತ್ತು. ಈ ಎಸೆತ ಏನೇ ಆದರೂ ಗೆಲುವು ಅವರದೇ. ಧನಲಕ್ಷ್ಮಿ ಮೂಲೆಗೆ ಓಡಿದಳು. ಅವಳಿಗೆ ಚೆಂಡು ಬರುವುದಿಲ್ಲವೆಂದು ಎದುರಾಳಿಗಳಿಗೂ ಅಷ್ಟರಲ್ಲಿ ಗೊತ್ತಾಗಿತ್ತು, ಒಬ್ಬಳೂ ಹಿಂದೆ ಹೋಗಲಿಲ್ಲ. ಸುತ್ತ ಹತ್ತು ಗಜ ಯಾರೂ ಇಲ್ಲ. ಅವಳು ಎರಡೂ ಕೈ ಎತ್ತಿದಳು.

ಶೈಲಜಾ ನೋಡಿದಳು. ಮೂರು ಎಣಿಸುವಷ್ಟು ಹೊತ್ತು ನೋಡಿದಳು. ಆಮೇಲೆ ಇಬ್ಬರ ನಡುವೆ ಸಿಕ್ಕಿಕೊಂಡಿದ್ದ ಯಮುನಾಳ ಕಡೆ ಎಸೆದಳು. ಚೆಂಡು ಯಾರದೋ ಮೊಣಕೈಗೆ ಬಡಿದು ನೆಲಕ್ಕೆ ಬಿತ್ತು. ಪಂದ್ಯ ಮುಗಿಯಿತು.

“ಬಿಸಿಲು ಕಣೇ, ಕಣ್ಣಿಗೆ ಹೊಡೀತಿತ್ತು. ಕಾಣ್ಲೇ ಇಲ್ಲ ನೀನು,” ಎಂದಳು ಶೈಲಜಾ, ಹತ್ತಿರ ಬಂದ ಧನಲಕ್ಷ್ಮಿಗೆ.

ಬಿಸಿಲು ಶೈಲಜಾಳ ಬೆನ್ನಿಗಿತ್ತು. ಅವಳ ನೆರಳು ಉದ್ದಕ್ಕೆ ಆ ಮೂಲೆಯ ಕಡೆಗೇ ಚಾಚಿತ್ತು. ಧನಲಕ್ಷ್ಮಿ ಆ ನೆರಳನ್ನೇ ನೋಡುತ್ತ ನಿಂತಳು.

“ನೀನು ಹಿಡಿದದ್ದು ಒಂದೂ ನೋಡ್ಲಿಲ್ಲಮ್ಮ. ಏನಂತ ಬರೀಲಿ?” ಎಂದರು ಕರಿಬಸಪ್ಪ. ಯಮುನಾಳ ಹೆಸರು ಬರೆದುಕೊಂಡು ಸ್ಕೂಟರ್ ಹತ್ತಿ ಹೋದರು.

“ಹೆಂಗೂ ಇದ್ದೀಯಲ್ಲ, ಬಾಟ್ಲಿಗಳನ್ನೆಲ್ಲ ಎತ್ಬಿಡೇ,” ಎಂದು ಶೈಲಜಾ ಕಾರಿನ ಹತ್ತಿರದಿಂದ ಕೂಗಿದಳು.

ಧನಲಕ್ಷ್ಮಿ ಚೀಲ ಹಿಡಿದು ಹುಲ್ಲಿನ ಮೇಲೆ ಬಗ್ಗಿದಳು. “ಏ, ಇಲ್ಲಿ,” ಎಂಬ ದನಿಗೆ ತಲೆಯೆತ್ತಿದಾಗ ಶೈಲಜಾ ಅರ್ಧ ಕುಡಿದ ಬಾಟಲಿಯನ್ನು ಎಸೆದಾಗಿತ್ತು. ಮೂವತ್ತು ಅಡಿ ದೂರ, ಗುರಿ ಒಂದಿಂಚೂ ತಪ್ಪಲಿಲ್ಲ. ಧನಲಕ್ಷ್ಮಿ ಒಂದೇ ಕೈಯಲ್ಲಿ ಹಿಡಿದು, ಮುಚ್ಚಳ ತೆಗೆದು ನೀರು ಚೆಲ್ಲಿ, ಬಾಟಲಿಯನ್ನು ಚೀಲಕ್ಕೆ ಹಾಕಿದಳು.