ಹೆಸರಿನ ಕಲ್ಲು

ತಿಳವಳ್ಳಿಯ ನಮ್ಮ ಗೋವಿನಜೋಳದ ಹೊಲದ ಮೂಲೆಯಲ್ಲಿ ಮಾವನವರ ಸಮಾಧಿಯಿದೆ. ಅದರ ತಲೆಗೆ ನಿಲ್ಲಿಸಿದ, ನೆಲಕ್ಕೆ ಹಾಸುವಂಥ ಫರಸಿಕಲ್ಲಿನ ಮೇಲೆ ಅವರ ಹೆಸರಿತ್ತು. ಹದಿನಾಲ್ಕೇ ವರ್ಷದಲ್ಲಿ ಅದು ಪೂರ್ತಿ ಅಳಿಸಿಹೋಯಿತು. ನಮ್ಮನೆಯವರು ಚನ್ನೇಶ, ಸಿಟ್ಟನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ತಿರುಗುವವರು, ಅದನ್ನು ಕೆತ್ತಿಕೊಟ್ಟ ಹಂಸಭಾವಿಯ ಹೂವಪ್ಪನವರಿಗೆ ಫೋನಿನಲ್ಲೇ ಬಾಯಿಗೆ ಬಂದಂತೆ ಬೈದರು. ಕಳಪೆ ಕೆಲಸ ಮಾಡಿ ಸತ್ತವರಿಗೂ ಮೋಸ ಮಾಡಿದಿರಿ ಎಂದರು.

ಅತ್ತೆ ಮಹಾದೇವಕ್ಕ ಮಾತ್ರ ಊಟ ಬಿಟ್ಟು ಕೂತರು. ಮದುವೆಯಾದಾಗಿನಿಂದ ಅವರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ರೇಷನ್ ಅಂಗಡಿಯವರು ಕೇಳಿದರೂ ನನ್ನತ್ತ ಕೈ ತೋರಿಸುವರು. ಆದರೆ ಪ್ರತಿ ಅಮಾವಾಸ್ಯೆಗೆ ಆ ಕಲ್ಲು ತೊಳೆದು, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದರು. ಅವರ ಮಟ್ಟಿಗೆ ಹೆಸರು ಹಿಡಿದು ಕರೆಯುವುದೆಂದರೆ ಅದೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅದೇ ವಾರ ಬಂಡೆ ಮಣ್ಣಾಗುವ ಪಾಠ ಬಂತು. ಮಳೆನೀರಿನಲ್ಲೂ ತುಸು ಹುಳಿಯಿರುತ್ತದೆ, ಅದು ಸಾವಿರಾರು ವರ್ಷ ಸುರಿದು ಕಲ್ಲನ್ನು ಕರಗಿಸುತ್ತದೆ ಎಂದು ಹೇಳಿ, ತೋರಿಸಲೆಂದು ಸುಣ್ಣದಂಶವಿರುವ ಫರಸಿಯ ಚೂರಿನ ಮೇಲೆ ನಿಂಬೆಹಣ್ಣು ಹಿಂಡಿದೆ. ಸಣ್ಣಗೆ ನೊರೆ ಎದ್ದಿತು. ಮಕ್ಕಳು ನಕ್ಕರು, ನನಗೆ ಮಾವನವರ ಸಮಾಧಿಯ ಕಲ್ಲು ನೆನಪಾಯಿತು. ಅತ್ತೆ ಆ ಕಲ್ಲನ್ನು, ದೇವರ ತಾಮ್ರದ ತಂಬಿಗೆಯ ಹಾಗೆಯೇ, ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು.

ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಹೇಳಿದರೆ ಅತ್ತೆಯ ಕರುಳು ಹಿಂಡಿದಂತೆ, ಹೇಳದಿದ್ದರೆ ಹೂವಪ್ಪನವರು ಸುಮ್ಮಸುಮ್ಮನೆ ಮೋಸಗಾರ. ಕೊನೆಗೆ ಅತ್ತೆಯನ್ನು ಹೊಲಕ್ಕೆ ಕರೆದೊಯ್ದು ಹೇಳಿಯೇಬಿಟ್ಟೆ. ಅವರು ತಮ್ಮ ಎರಡೂ ಅಂಗೈ ನೋಡಿಕೊಂಡರು. ಕಲ್ಲಿನ ಬುಡದಲ್ಲಿ ಬೂದು ಮಣ್ಣು ಕೂತು, ಅದರಲ್ಲಿ ಗರಿಕೆ ಚಿಗುರಿತ್ತು.

"ತೊಳದ ನೀರು ಎಲ್ಲಿ ಹೋತು?" ಎಂದು ಕೇಳಿದರು.

"ಮಣ್ಣಾಗ ಇಳೀತ್ರಿ, ಅತ್ತಿ."

"ಹಂಗಾರ ಹೆಸರು ಅವ್ರ ಹತ್ರಾನ ಹೋಗೇತಿ."

ಅಷ್ಟು ಹೇಳಿ ಬಹಳ ಹೊತ್ತು ಅತ್ತರು. ನನಗೂ ತಡೆಯಲಾಗಲಿಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮಗನನ್ನೂ ಕರಕೊಂಡು ಈಗಲೇ ಹಂಸಭಾವಿಗೆ ಹೋಗೋಣ ಎಂದರು.

ತಪ್ಪು ತಮ್ಮದೆಂದು ಹೂವಪ್ಪನವರ ಮುಂದೆ ಅತ್ತೆಯೇ ಒಪ್ಪಿಕೊಂಡರು. ಚನ್ನೇಶ ನೆಲ ನೋಡುತ್ತ ನಿಂತರು. ಮೂಗಿನ ತುದಿಯಲ್ಲಿ ಈಗ ಬರೀ ಬೆವರು. ಹೂವಪ್ಪನವರು ಕರಿಕಲ್ಲೊಂದನ್ನು ಎಳೆದು, ಧೂಳು ಒರೆಸಿ, ಏನೆಂದು ಬರೆಯಲಿ ಎಂದು ಕೇಳಿದರು. ಹೇಳಲು ನಮ್ಮನೆಯವರು ಬಾಯಿ ತೆರೆದರು. ಅತ್ತೆ ಅವರ ತೋಳು ಹಿಡಿದು ತಡೆದರು.

"ನಾಗಪ್ಪ," ಎಂದರು. "ನಾಗಪ್ಪ ಅಂತ ಬರೀರಿ, ಹೂವಪ್ಪಣ್ಣ. ಈ ಸಲ ಜರಾ ಆಳಕ್ಕ ಕೆತ್ರಿ."