ಕಿಟಕಿ ಸೀಟು, ಗಿಣಿಹಸಿರು ಸೀರೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? 'ಟಿಣ್' ಎಂಬ ಸದ್ದಿನಿಂದ ಮಾಡಬಹುದು. ರಾತ್ರಿ ಬಹಳ ಹೊತ್ತಾಗಿದೆ. ದೊಡ್ಡಬಳ್ಳಾಪುರದ ಒಂದು ಮನೆಯಲ್ಲಿ ಪವರ್‌ಲೂಮ್‌ಗಳು ಗಡಗಡ ಓಡುತ್ತಿವೆ. ಅವುಗಳ ನಡುವೆ ಒಂದು ಫೋನು ಟಿಣ್ ಅನ್ನುತ್ತದೆ. ನೀವು ನಂಬುವುದಿಲ್ಲ, ನನಗೆ ಗೊತ್ತು. ಆ ಗದ್ದಲದಲ್ಲಿ ಅದು ಯಾರಿಗೆ ಕೇಳೀತು?

ಶಕುಂತಲಮ್ಮನಿಗೆ ಕೇಳಿತು. ಮಗ್ಗದ ಮನೆಗೆ ಸೊಸೆಯಾಗಿ ಬಂದಂದಿನಿಂದ, ಅಷ್ಟು ಸದ್ದಿನೊಳಗೆ ಒಂದೇ ಒಂದು ಎಳೆ ಕಡಿದರೂ ಅವಳ ಕಿವಿಗೆ ಗೊತ್ತಾಗುತ್ತದೆ. ಎದ್ದು ಫೋನು ನೋಡಿದಳು. 'ಡಿಯರ್ ಹನುಮಂತಯ್ಯ' ಎಂದಿತ್ತು.

(ಹನುಮಂತಯ್ಯ ಅವಳ ಗಂಡ. ಮೆಸೇಜು ಅವನಿಗೆ, ಫೋನು ಅವಳದು. ಯಾಕೆಂದು ಹೇಳುತ್ತೇನೆ, ಅಷ್ಟರಲ್ಲಿ ಪುಟ ತಿರುಗಿಸಬೇಡಿ.)

೨

ಹನುಮಂತಯ್ಯ ನೂಲು ತರಲು ಆಗಾಗ ಸೂರತ್‌ಗೆ ಹೋಗಿಬರುವವನು. ಹೋದಾಗಲೆಲ್ಲ ಅದೇ ವಿಮಾನ ಕಂಪನಿ, ಹೋದಾಗಲೆಲ್ಲ ಪಾಯಿಂಟು, ಕೂಡಿಟ್ಟರೆ ಬಿಟ್ಟಿ ಟಿಕೆಟ್ಟು. ಮೊದಲ ಸಲ ಹೆಸರು ಬರೆಸುವಾಗ, "ಇವ್ರು ಮೆಸೇಜ್ ಹಾಕಿ ಹಾಕಿ ತಲೆ ತಿಂತಾರೆ" ಎಂದು ಹೆಂಡತಿಯ ನಂಬರು ಕೊಟ್ಟಿದ್ದ. ಹಾಗಾಗಿ ಅವನು ಹಾರಿದ, ಅವಳು ಓದಿದಳು.

"ನನ್ನ ಯಾವಾಗ ರೀ ಕರ್ಕೊಂಡ್ ಹೋಗೋದು?"

"ಇರು ಕಣೆ, ಬೆಳೀಲಿ. ಇಬ್ರೂ ಕಾಶಿಗೇ ಹೋಗೋಣ, ಫ್ರೀಯಾಗಿ."

ಪಾಯಿಂಟೆಂದರೆ ಜರಿ ಎಂದುಕೊಂಡಿದ್ದ ಅವನು. ಸೀರೆ ಹರಿದರೂ ಹಳೇ ಜರಿ ಕೊಳ್ಳುವವನು ತೂಗಿ ಇವತ್ತಿನ ರೇಟೇ ಕೊಡುತ್ತಾನೆ, ಇಟ್ಟಷ್ಟೂ ಲಾಭ. ನೇಕಾರರ ಮನೆಯಲ್ಲಿ ಹುಟ್ಟಿದವನು ಇನ್ನು ಹೇಗೆ ಯೋಚಿಸಿಯಾನು?

೩

ಆದರೆ ಊಟ ಕೊಡುತ್ತಿದ್ದ ಆ ಕಂಪನಿಯನ್ನು, ಚಹಾಕ್ಕೂ ದುಡ್ಡು ಕೇಳುವ ಅಗ್ಗದ ಕಂಪನಿಯೊಂದು ಕೊಂಡುಕೊಂಡಿತು. ಹಳೇ ಪಾಯಿಂಟುಗಳು ಹೊಸ ಪಾಯಿಂಟುಗಳಾದವು. ಹೆಸರು ಚೆಂದವಾಯಿತು, ಬೆಲೆ ಕುಗ್ಗಿತು. ಇಬ್ಬರ ಕಾಶಿ ಒಬ್ಬರ ಕಾಶಿಯಾಯಿತು, ಆಮೇಲೆ ಹೈದರಾಬಾದಿಗೆ ಇಳಿಯಿತು. ಈಗ ಈ ಟಿಣ್: ಒಂದನೇ ತಾರೀಖಿನಿಂದ ಇನ್ನೂ ಕಡಿಮೆ. ಅದಕ್ಕೂ ಮೊದಲಾದರೆ ಹುಬ್ಬಳ್ಳಿಗೆ ಒಂದು ಸೀಟು ಸಿಗುತ್ತದೆ. ಒಬ್ಬರಿಗೆ, ಹೋಗುವುದಕ್ಕೆ ಮಾತ್ರ. ಆಮೇಲೆ ಅದೂ ಇಲ್ಲ.

ಹನುಮಂತಯ್ಯನಿಗೆ ಇದೊಂದೂ ಗೊತ್ತಿಲ್ಲ. ನೂಲಿನ ಅಂಗಡಿಯಲ್ಲಿ ಕೂತು ಇವತ್ತಿಗೂ ಕಾಶಿಯ ಮಾತಾಡುತ್ತಾನೆ. (ಗೊತ್ತಿಲ್ಲ ಎಂದು ನಾನು ಅಂದುಕೊಂಡಿದ್ದೇನೆ.)

೪

ಈ ಕಥೆಯ ಮೊದಲ ಕರಡಿನಲ್ಲಿ ಶಕುಂತಲಮ್ಮ ದೇವನಹಳ್ಳಿ ಏರ್‌ಪೋರ್ಟಿಗೇ ಹೋಗಿ ಕೌಂಟರಿನಲ್ಲಿ ಜಗಳ ಮಾಡಿದ್ದಳು. ಬಹಳ ಚೆನ್ನಾದ ಭಾಷಣ, ನಿಷ್ಠೆಯ ಬೆಲೆ ಏನು ಎಂದೆಲ್ಲ. ಅರ್ಧಕ್ಕೇ ಅವಳು ನಿಲ್ಲಿಸಿದಳು.

"ಯಾರಮ್ಮಾ ಹಿಂಗೆಲ್ಲ ಮಾತಾಡ್ತಾರೆ? ಆ ಕೌಂಟರ್ ಹುಡುಗಿ ತಾನೇ ಏನ್ ಮಾಡ್ತಾಳೆ, ಪಾಪ. ಅಳಿಸಿ."

ಅಳಿಸಿದೆ. ಎರಡನೆಯದರಲ್ಲಿ ಹನುಮಂತಯ್ಯನನ್ನು ಜಿಪುಣ ಎಂದು ಬರೆದೆ. ಅವನು ಬೇಜಾರಾದ.

"ಜಿಪುಣ ಅಲ್ಲ ಮೇಡಂ. ಎಷ್ಟೋ ಸಲ ರೈಲಲ್ಲೇ ಹೋಗ್ಬೋದಿತ್ತು, ಪಾಯಿಂಟ್ ಬರುತ್ತೆ ಅಂತ ಫ್ಲೈಟಲ್ಲಿ ಹೋದೆ. ಅವಳಿಗೋಸ್ಕರಾನೇ. ಅದನ್ನೂ ಬರ್ಕೊಳಿ."

ಬರೆದುಕೊಂಡೆ. (ಪಾಯಿಂಟು ಕರಗಿದ್ದನ್ನು ಹೇಳಲು ಬಾಯಿಗೆ ಬಂದಿತ್ತು. ನುಂಗಿಕೊಂಡೆ.)

೫

"ನಿಮಗೆ ಕಾಶಿ ನೋಡಬೇಕಾ?" ಎಂದು ಶಕುಂತಲಮ್ಮನನ್ನು ಕೇಳಿದೆ.

"ಕಾಶಿ ಅವರದ್ದು. ನಂಗೆ ನಮ್ಮ ಮನೇನ ಮೇಲಿಂದ ನೋಡ್ಬೇಕು, ಅಷ್ಟೆ. ದಿನಾ ತಾರಸಿ ಮೇಲೆ ಬಟ್ಟೆ ಹರವ್ತಾ ಆ ವಿಮಾನಗಳ್ನ ಕೆಳಗಿಂದಾನೇ ನೋಡಿದೀನಿ. ಅದ್ರಲ್ಲಿ ಕೂತೋರಿಗೆ ನಾವು ಕಾಣ್ತೀವಾ ಅಂತ."

ಹುಬ್ಬಳ್ಳಿಯಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣ ಹೇಗೂ ಇತ್ತು. ರೈಲಿಗೆ ಹೋಗುತ್ತೇನೆಂದು ಗಂಡನಿಗೆ ಹೇಳಿಯೂ ಆಗಿತ್ತು.

"ಅವರಿಗೆ ನಿಜ ಹೇಳಿಬಿಡಿ," ಎಂದೆ. ನಾನು ಹೆದರುವವಳು. ನನ್ನ ಪಾತ್ರಗಳು ಮನೆಯಲ್ಲಿ ಹೇಳಿ ಹೋದರೆ ಮಾತ್ರ ನನಗೆ ನಿದ್ದೆ.

"ಹೇಳಿದ್ರೆ ಕಾಶಿ ಹೋಯ್ತು ಅಂತ ಹೇಳ್ದಂಗಲ್ವಾ? ಆಮೇಲೆ ಅಂಗಡೀಲಿ ಏನಂತ ಮಾತಾಡ್ತಾರೆ ಅವ್ರು?"

"ಹೇಳದಿದ್ರೆ ಕದ್ದಂಗೆ."

"ಇಷ್ಟು ವರ್ಷ ಆ ಮೆಸೇಜೆಲ್ಲ ಕೂತು ಓದಿದ್ದು ಯಾರು, ನೀವಾ?"

ಅಷ್ಟು ಹೇಳಿ ಹುಬ್ಬಳ್ಳಿ ಟಿಕೆಟ್ಟಿನ ಓಟಿಪಿ ಒತ್ತಿಯೇಬಿಟ್ಟಳು. ಕಿಟಕಿ ಸೀಟು.

೬

ಹೊರಡುವ ಬೆಳಿಗ್ಗೆ ತಾರಸಿ ಹತ್ತಿ ಗಿಣಿಹಸಿರು ಸೀರೆಯೊಂದನ್ನು ಉದ್ದಕ್ಕೆ ಹಾಸಿದಳು. ಅಂಚಿನ ಡಿಸೈನು ತಪ್ಪಿ, ಮಾರಾಟವಾಗದೆ ಉಳಿದಿದ್ದ ಸೀರೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟಳು. ಮೇಲಿಂದ ನೋಡಿದಾಗ ಊರಿನ ತಾರಸಿಗಳೆಲ್ಲ ಒಂದೇ ಥರ ಕಂಡರೆ ಎಂಬ ಭಯ ಅವಳಿಗೆ.

(ನನ್ನ ಭಯಗಳು ಬೇರೆ. ಮೋಡವಿದ್ದರೆ? ವಿಮಾನ ಆ ಕಡೆ ತಿರುಗದಿದ್ದರೆ? ಸೀಟು ಎಡಕ್ಕೋ ಬಲಕ್ಕೋ ಎಂದು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ.)

೭

ಈಗ ಮುಕ್ತಾಯಗಳು. ಮೂರಿವೆ.

ಅ) ಕಂಡಿತು. ಬೆಂಕಿಪೊಟ್ಟಣದಂಥ ತಾರಸಿಗಳ ನಡುವೆ ಒಂದು ಹಸಿರು ಎಳೆ.

ಆ) ಮೋಡ. ಕೆಳಗೆ ಹತ್ತಿ ಹರವಿದ ಹಾಗೆ, ಹುಬ್ಬಳ್ಳಿಯವರೆಗೂ. ಅದನ್ನೇ ನೋಡುತ್ತ ಕೂತಳು. ಅದೂ ಚೆನ್ನಾಗಿಯೇ ಇತ್ತು.

ಇ) ಎಂಜಿನ್ನಿನ ಸದ್ದು ಥೇಟ್ ಮಗ್ಗದ ಹಾಗೇ ಇದ್ದುದರಿಂದ, ವಿಮಾನ ನೆಲ ಬಿಡುವ ಮೊದಲೇ ಶಕುಂತಲಮ್ಮನಿಗೆ ಗಾಢ ನಿದ್ದೆ.

ಯಾವುದು ನಿಜವೆಂದು ಅವಳನ್ನೇ ಕೇಳಿದೆ.

"ನಿಮ್ಗೆ ಹೇಳಿದ್ರೆ ಬರ್ದ್ಬಿಡ್ತೀರ," ಎಂದು ನಕ್ಕಳು.

೮

ನಾಮಕರಣ ಮುಗಿಸಿ ರೈಲಿನಲ್ಲಿ ವಾಪಸು ಬಂದವಳು ಕೈಕಾಲು ತೊಳೆದು ನೇರ ತಾರಸಿಗೆ ಹೋದಳು. ಸೀರೆ ಅಲ್ಲೇ ಇತ್ತು. ಹಿಂದೆಯೇ ಹನುಮಂತಯ್ಯ ಮೆಟ್ಟಿಲು ಹತ್ತಿ ಬಂದ.

"ಇದ್ಯಾಕೆ ಇಲ್ಲಿ ಹಾಕಿದ್ದೆ?"

"ಒಣಗ್ಲಿ ಅಂತ."

"ಒದ್ದೆಯಾಗೇ ಇರ್ಲಿಲ್ವಲ್ಲೇ."

ಅವಳು ಸೀರೆಯ ಈಚೆ ತುದಿಗೆ ಬಗ್ಗಿದಳು. ಅವನೂ ಮತ್ತೆ ಕೇಳದೆ ಇನ್ನೊಂದು ತುದಿ ಹಿಡಿಯಲು ಬಗ್ಗಿದ.

"ಕಾಶಿಗೆ ರೈಲಲ್ಲೇ ಹೋಗ್ಬಿಡೋಣ ಕಣೆ, ಮುಂದಿನ್ ವರ್ಷ. ಇಬ್ರೂ. ಈಗೀಗ ಫ್ಲೈಟಲ್ಲಿ ಊಟಾನೂ ಕೊಡಲ್ಲ."

ಇಲ್ಲಿ ಒಂದು ನಿಮಿಷ. ಆರನೇ ಭಾಗದಲ್ಲಿ ನಾನು ನಾಲ್ಕು ಕಲ್ಲು ಎಂದು ಬರೆದಿದ್ದೇನೆ, ಬೇಕಾದರೆ ಹಿಂದೆ ಹೋಗಿ ನೋಡಿ. ಈಗ ಅಲ್ಲಿ ಐದಿದ್ದವು. ಗಾಳಿಗೆ ಸೀರೆ ಏಳದ ಹಾಗೆ ನಟ್ಟನಡುವೆ ಇನ್ನೊಂದು. ಅದನ್ನು ನಾನಿಟ್ಟಿಲ್ಲ. ಶಕುಂತಲಮ್ಮನೂ ಇಟ್ಟಿಲ್ಲ.

ಅವಳು ಆ ಕಲ್ಲನ್ನು ನೋಡಿದಳು, ಗಂಡನನ್ನು ನೋಡಿದಳು. ಅವನು ಸೀರೆಯ ಅಂಚು ಸರಿ ಮಾಡುವುದರಲ್ಲೇ ಮುಳುಗಿದ್ದ. ಆ ಕಲ್ಲನ್ನು ಕೈಗೆತ್ತಿಕೊಂಡಾಗಲೇ ಅವಳು ತೀರ್ಮಾನ ಮಾಡಿದ್ದು: ಮೇಲಿಂದ ಏನು ಕಂಡಿತು, ಏನು ಕಾಣಲಿಲ್ಲ, ಯಾರಿಗೂ ಹೇಳುವುದಿಲ್ಲ. ಯಾರಿಗೂ ಎಂದರೆ ನಾನೂ ಸೇರಿ, ನೀವೂ ಸೇರಿ.

ಇಬ್ಬರೂ ಸೀರೆ ಮಡಿಸುತ್ತ ಮಡಿಸುತ್ತ ಹತ್ತಿರ ಬಂದರು. ಅದನ್ನು ಅವಳು ಬೀರುವಿಗೆ ಹಾಕಲಿಲ್ಲ. ತಾರಸಿ ಮೆಟ್ಟಿಲಿನ ಪಕ್ಕದ ಗೂಡಿನಲ್ಲಿ, ಕೈಗೆ ಸಿಗುವ ಹಾಗೆ ಇಟ್ಟಳು. ಐದು ಕಲ್ಲನ್ನೂ ಅದರ ಪಕ್ಕದಲ್ಲೇ.