ಬಾವಿಗೊಂದು ಮಡಲು

ನನ್ನ ಮಗಳು ಸಾಕ್ಷಿಗೆ ವಿಮಾನದ ಹುಚ್ಚು ಹಿಡಿಸಿದವನು ನನ್ನ ತಮ್ಮ ಮುರಳಿಕೃಷ್ಣ. ಅವನಿಗೆ ಮಾತು ಬರುವುದಿಲ್ಲ, ಕುತ್ತಿಗೆ ನಿಲ್ಲುವುದಿಲ್ಲ. ವಯಸ್ಸು ಮೂವತ್ತೈದು ದಾಟಿದರೂ ಗಂಜಿ ನಾನೇ ಕುಡಿಸಬೇಕು. ಆದರೆ ಮಂಗಳೂರಿಗೆ ಹೋಗುವ ವಿಮಾನದ ಸದ್ದು ನಮಗೆಲ್ಲರಿಗಿಂತ ಮೊದಲು ಅವನಿಗೆ ಕೇಳುತ್ತದೆ. ಜಗಲಿಯ ಚಾಪೆಯಲ್ಲಿ ಮಲಗಿದ್ದಲ್ಲಿಂದಲೇ "ಓ" ಎಂದು ಕೂಗುತ್ತಾನೆ. ಸಾಕ್ಷಿ ಅಂಬೆಗಾಲಿಕ್ಕುವಾಗಿನಿಂದ ಅವನ ಪಕ್ಕದಲ್ಲಿ ಬಿದ್ದುಕೊಂಡು ಆಕಾಶ ನೋಡಿದವಳು. ಈಗ ಅವಳಿಗೆ ಹದಿನಾರು. ಪೈಲಟ್ ಆಗುತ್ತೇನೆ ಎನ್ನುತ್ತಾಳೆ.

ಮುರಳಿ ಹೀಗೆ ಹುಟ್ಟಿದ ಕತೆ ನಮ್ಮ ಬೆಟ್ಟಂಪಾಡಿ ಕಡೆಯವರಿಗೆ ಹೊಸದಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಮನೆಯ ಮೇಲಿನ ಗೇರುಗುಡ್ಡೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟದ ಮದ್ದು ಸಿಂಪಡಿಸುತ್ತಿದ್ದರು. ಹಿಂದಿನ ದಿನವೇ ಜನ ಬಂದು ಮನೆಮನೆಗೆ ಹೇಳಿಹೋಗುತ್ತಿದ್ದರು: ಬಾವಿಗೆ ತೆಂಗಿನ ಗರಿಯ ಮಡಲು ಮುಚ್ಚಿ, ಏನೂ ಆಗುವುದಿಲ್ಲ, ಸುಮ್ಮನೆ ಜಾಗ್ರತೆಗೆ. ಒಮ್ಮೆ ನಮ್ಮ ಕೃಷ್ಣಮೋಹನ ಮಾಷ್ಟ್ರು ಪಾಠ ನಿಲ್ಲಿಸಿ ಇಡೀ ಶಾಲೆಯನ್ನು ಗುಡ್ಡೆಗೆ ಕರೆದುಕೊಂಡು ಹೋದರು. ವಿಮಾನ ನೋಡದವರು ಇದನ್ನಾದರೂ ನೋಡಿ ಎಂದರು, ರೆಕ್ಕೆ ತಿರುಗಿದರೆ ಅದು ಹೇಗೆ ಮೇಲೇಳುತ್ತದೆಂದು ವಿವರಿಸಿದರು. ನಾವು ಕೈಬೀಸಿದೆವು. ಮೇಲಿನಿಂದ ಬಿದ್ದ ಹನಿಯನ್ನು ನಾಲಿಗೆ ಚಾಚಿ ಹಿಡಿದವರೂ ಇದ್ದರು. ಕೆಳಗೆ ನಮ್ಮ ಅಂಗಳದಲ್ಲಿ ಅಮ್ಮ ಬಟ್ಟೆ ಒಣಗಲು ಹಾಕುತ್ತಿದ್ದಳು. ಮುರಳಿ ಆಗ ಹೊಟ್ಟೆಯಲ್ಲಿದ್ದ. ಬಾವಿ ಮುಚ್ಚಿದ್ದೆವು. ಅಮ್ಮನನ್ನು ಒಳಗೆ ಕೂರಿಸಿ ಎಂದು ಮಾತ್ರ ಯಾರೂ ಹೇಳಲಿಲ್ಲ.

ಈ ಕತೆಯನ್ನು ಸಾಕ್ಷಿ ನನ್ನ ಬಾಯಿಂದ ನೂರು ಸಲ ಕೇಳಿದ್ದಾಳೆ. ಆದರೂ ಅವಳ ಹುಚ್ಚು ಬಿಡಲಿಲ್ಲ. ನಾನೂ ಬಿಡಿಸಲಿಲ್ಲ. ಹಾರುವುದರ ಮೇಲೆ ನನಗೆಂಥ ಸಿಟ್ಟು?

ಡಿಸೆಂಬರಿನಲ್ಲಿ ಪುತ್ತೂರಿನಲ್ಲಿ "ಎಳೆ ರೆಕ್ಕೆ" ಎಂಬ ಶಿಬಿರ ಶುರುವಾಯಿತು. ಹೈಸ್ಕೂಲು, ಪಿಯುಸಿ ಮಕ್ಕಳಿಗೆ ವಿಮಾನದ ಪರಿಚಯ. ಥರ್ಮೊಕೋಲಿನ ವಿಮಾನ ಮಾಡಿಸಿದರು, ಕಂಪ್ಯೂಟರಿನಲ್ಲಿ ಹಾರಿಸಿದರು, ಕೊನೆಗೆ ಡ್ರೋನ್ ಕೈಗೆ ಕೊಟ್ಟರು. ಎಲ್ಲರಿಗಿಂತ ಚೆನ್ನಾಗಿ ಹಾರಿಸಿದ ಒಬ್ಬರಿಗೆ ಸಣ್ಣ ವಿಮಾನದಲ್ಲಿ ಪೈಲಟ್ ಪಕ್ಕ ಕೂತು ಹಾರುವ ಅವಕಾಶ, ಮುಂದಿನ ತರಬೇತಿಯ ಖರ್ಚೂ ಶಿಬಿರದವರದ್ದೇ. ಕೊನೆಗೆ ಉಳಿದವರು ಇಬ್ಬರು: ಸಾಕ್ಷಿ ಮತ್ತು ಕಬಕದ ಲತೀಶ್. ದಿನಾ ಸಂಜೆ ಅವಳು ಮುರಳಿಯ ಪಕ್ಕ ಕೂತು ಪಾಠ ಒಪ್ಪಿಸುತ್ತಿದ್ದಳು. "ಮಾವಾ, ಸಿಂಪಡಿಸುವ ಡ್ರೋನ್ ಮರದ ತಲೆಗೆ ಹತ್ತಿರವೇ ಇರಬೇಕು. ಎತ್ತರ ಹೋದ್ರೆ ಗಾಳಿ ಎಲ್ಲಿಗೆ ಬೇಕಾದ್ರೂ ಕೊಂಡೋಗ್ತದೆ." ಅವನು "ಓ" ಎನ್ನುತ್ತಿದ್ದ.

ಕೊನೆಯ ಪರೀಕ್ಷೆ ನಮ್ಮ ಮನೆಯ ಮೇಲಿನ ಗೇರುಗುಡ್ಡೆಯಲ್ಲೇ, ಡ್ರೋನಿನಿಂದ ಸಿಂಪಡಿಸುವುದು ಎಂದು ಗೊತ್ತಾಯಿತು. ಶಿಬಿರ ನಡೆಸುವ ಗಿರಿಧರ ಸರ್ ಹತ್ತಿರ ಹೋಗಿ ಟ್ಯಾಂಕಿಗೆ ಏನು ತುಂಬಿಸುತ್ತೀರಿ ಎಂದು ನೇರವಾಗಿ ಕೇಳಿದೆ.

"ಬರೀ ನೀರು ಅಕ್ಕ. ಮಕ್ಕಳ ಕೈಗೆ ಮದ್ದು ಕೊಡ್ತೇವಾ ನಾವು?" ಎಂದು ನಕ್ಕರು. ಪಕ್ಕದಲ್ಲಿ ಸಾಕ್ಷಿ ಉಸಿರು ಬಿಗಿಹಿಡಿದು ನಿಂತಿದ್ದಳು. ಒಪ್ಪಿದೆ.

ಆ ದಿನ ಬೆಳಿಗ್ಗೆ ಗುಡ್ಡೆಯಲ್ಲಿ ಜಾತ್ರೆಯಷ್ಟು ಜನ. ನಾನು ಮುರಳಿಗೆ ಗಂಜಿ ಕುಡಿಸಿ, ಅವನಿಗೆ ಕಾಣಲಿ ಎಂದು ಜಗಲಿಯ ತುದಿಗೆ ಚಾಪೆ ಎಳೆದಿದ್ದೆ. ಶಿಬಿರದ ಅಂಗಿ ತೊಟ್ಟ ಹುಡುಗನೊಬ್ಬ ಅಂಗಳಕ್ಕೆ ಬಂದ.

"ಅಕ್ಕ, ಬಾವಿಗೆ ಎಂತಾದ್ರೂ ಮುಚ್ಚಿ ಆಯ್ತಾ."

"ನೀರು ಬಿಡ್ಲಿಕ್ಕೆ ಬಾವಿ ಯಾಕೆ ಮುಚ್ಚುದು ಮಾರಾಯ?"

ಅವನು ತಲೆ ಕೆರೆದುಕೊಂಡ. "ಗೇರು ಹೂವಿಗೆ ಕೀಟ ಬಿದ್ದದ್ದುಂಟಲ್ಲ, ಹೇಗೂ ಮದ್ದು ಬಿಡ್ಲಿಕ್ಕುಂಟು, ಇದರಲ್ಲೇ ಆಗ್ಲಿ ಅಂತ ತೋಟದವರು ಹೇಳಿದ್ದಂತೆ. ಹಳೇ ಮದ್ದಲ್ಲ ಅಕ್ಕ, ಇದು ಬೇರೆ. ಎಂತದೂ ಆಗುದಿಲ್ಲ. ಸುಮ್ಮನೆ ಜಾಗ್ರತೆಗೆ."

ಕೈಯಲ್ಲಿದ್ದ ಗಂಜಿಯ ಸೌಟು ಅಲ್ಲೇ ಬಿಟ್ಟು ಗುಡ್ಡೆ ಹತ್ತಿದೆ. ಡ್ರೋನ್ ಆಗಲೇ ಮೇಲೆದ್ದಿತ್ತು. ಹಾಸುಬಂಡೆಯ ಮೇಲೆ ಸಾಕ್ಷಿ ರಿಮೋಟ್ ಹಿಡಿದು ನಿಂತಿದ್ದಳು. ಅವಳ ಮುಖ ಅಷ್ಟು ಚಂದ ಕಂಡದ್ದು ನನಗೆ ನೆನಪಿಲ್ಲ. ಹೇಳದೆ ಹಿಂದಿರುಗಲೇ ಎಂದು ಒಂದು ಗಳಿಗೆ ಅನ್ನಿಸಿತು.

"ಸಾಕ್ಷೀ, ಬಾವಿ ಮುಚ್ಚಲಿಕ್ಕೆ ಹೇಳಿದ್ದಾರೆ."

ಅಷ್ಟೇ ಸಾಕಾಯಿತು. ಅವಳು ಗಿರಿಧರ ಸರ್ ಕಡೆ ತಿರುಗಿದಳು. "ಸರ್, ಟ್ಯಾಂಕಿಯಲ್ಲಿ ಎಂತ ಉಂಟು?"

"ಅದು ನಿನ್ನ ಕೆಲಸ ಅಲ್ಲ. ಪೈಲಟ್ ಆಗುವವರು ಕೊಟ್ಟ ಕೆಲಸ ಮಾಡುದನ್ನು ಕಲಿಬೇಕು."

"ಅಮ್ಮ, ಮಾವ ಎಲ್ಲಿದ್ದಾನೆ?"

"ಜಗಲಿಯಲ್ಲಿ."

ಅವಳು ಸಿಂಪಡಣೆ ಶುರು ಮಾಡದೆ ಡ್ರೋನನ್ನು ಮೆಲ್ಲ ಇಳಿಸಿದಳು. ಸುಣ್ಣದಲ್ಲಿ ಬರೆದ ವೃತ್ತದ ಸರಿ ನಡುವೆ ಇಳಿಯಿತು. ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಸರ್‌ಗೆ ಕೊಟ್ಟಳು.

"ನನ್ನಿಂದ ಆಗುದಿಲ್ಲ ಸರ್."

"ವಿಮಾನದಲ್ಲಿ ಕೂತ್ಕೊಳ್ಳುದು ಬೇಡವಾ ಹಾಗಾದ್ರೆ?"

ಅವಳು ಬಂಡೆಯಿಂದ ಕೆಳಗಿಳಿದಳು. ಸರ್ ಕೈಚಾಚಿ ಲತೀಶನನ್ನು ಕರೆದರು. ನಾನು ಮರ್ಯಾದೆ ಬಿಟ್ಟು ಬೊಬ್ಬೆ ಹಾಕಿದೆ, ಮಕ್ಕಳನ್ನು ಕೆಳಗೆ ಕಳಿಸಿ ಎಂದೆ. ನೆರೆಮನೆಯ ಶೀನಪ್ಪ ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಲೇ ಅಂದ, "ಆ ಕಾಲ ಹೋಯ್ತು ಶಂಕರಿಯಕ್ಕ. ಮಕ್ಕಳ ಖುಷಿ ಯಾಕೆ ಹಾಳು ಮಾಡುದು?" ಆ ಫೋನನ್ನು ಕಿತ್ತು ಕಲ್ಲಿಗೆ ಬಡಿಯಬೇಕೆನಿಸಿತು. ಸಾಕ್ಷಿ ನನ್ನ ಕೈ ಹಿಡಿದು ಎಳೆದಳು. ಇಬ್ಬರೂ ಕೆಳಗೋಡಿದೆವು.

ಮುರಳಿ ಖುಷಿಯಲ್ಲಿ ಕೂಗುತ್ತಿದ್ದ. ಹಾರುವ ವಸ್ತು ಅಷ್ಟು ಹತ್ತಿರ ಬಂದದ್ದು ಅವನ ಜನ್ಮದಲ್ಲಿ ಅದೇ ಮೊದಲು. ಚಾಪೆ ಸಮೇತ ಅವನನ್ನು ಒಳಗೆಳೆದಾಗ ಸೊಟ್ಟ ಕೈಯಿಂದ ನಮ್ಮಿಬ್ಬರಿಗೂ ಹೊಡೆದ. ಬಾಗಿಲು, ಕಿಟಕಿ ಎಲ್ಲ ಹಾಕಿದೆವು. ಅವನು ಕತ್ತಲೆಯಲ್ಲಿ ಅಳುತ್ತಲೇ ಇದ್ದ. ಸಾಕ್ಷಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಸದ್ದಿಗೆ ಕಿವಿಗೊಟ್ಟಳು.

"ಲತೀಶ ತುಂಬ ಎತ್ತರ ಹಾರಿಸ್ತಿದ್ದಾನೆ ಅಮ್ಮ," ಎಂದಳು. "ಗಾಳಿ ನಮ್ಮ ಕಡೆಗೇ ಉಂಟು."

ಮೇಲೆ ಮಕ್ಕಳು ಚಪ್ಪಾಳೆ ತಟ್ಟುವುದು ಕೇಳಿಸಿತು.

"ಅಮ್ಮ, ಬಾವಿ ಮುಚ್ಚಿದ್ದೀಯಾ?"

ಮುಚ್ಚಿರಲಿಲ್ಲ. ಬಾಗಿಲು ತೆಗೆದು ಓಡಿದೆ. ಕೊಟ್ಟಿಗೆಯ ಬದಿಯಿಂದ ಮಡಲು ಎಳೆದು ತಂದು ಬಾವಿಯ ಮೇಲೆ ಹಾಕುವಷ್ಟರಲ್ಲಿ ಮೇಲಿನಿಂದ ಬಿದ್ದ ಹನಿಗೆ ನನ್ನ ಎರಡೂ ಕೈ ಒದ್ದೆಯಾಗಿದ್ದವು.